ತ್ರಿಚಕ್ರ ಸೈಕಲ್‌ಗಳ ಸ್ಥಿರತೆ

ಮೂರು ಗಾಲಿಗಳ ಸೈಕಲ್ಲು ಮಗುಚಿಕೊಳ್ಳದೆ ನಿಲ್ಲುವ ಹಾಗೂ ಚಲಿಸುವ ಗುಣವನ್ನು ತ್ರಿಚಕ್ರ ಸೈಕಲ್‌ನ ಸ್ಥಿರತೆ ಎನ್ನುತ್ತಾರೆ. ಸೈಕಲ್ ರಿಕ್ಷಾ, ಸರಕಿನ ಸೈಕಲ್, ಅಂಗವಿಕಲರ ಕೈಚಾಲಿತ ಗಾಡಿ, ಮಕ್ಕಳ ಸೈಕಲ್ ಎಲ್ಲಕ್ಕೂ ಇದರ ನಿಯಮಗಳು ಒಂದೇ. ನಿಂತಾಗ ಬೀಳದ ಗಾಡಿ ಓಡುವಾಗಲೂ ಬೀಳದು ಎಂಬ ನಂಬಿಕೆಯಿಂದಲೇ ವಯಸ್ಸಾದವರು ಇದನ್ನು ಆರಿಸಿಕೊಳ್ಳುವುದುಂಟು. ಆದರೆ ಆ ನಂಬಿಕೆ ಪೂರ್ತಿ ಸರಿಯಲ್ಲ.

ಮಗುಚುವ ಬಗೆ

ಗಾಲಿಗಳು ನೆಲವನ್ನು ಮುಟ್ಟುವ ಮೂರು ಬಿಂದುಗಳನ್ನು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಗಾಡಿ ಮತ್ತು ಸವಾರನ ಒಟ್ಟು ಗುರುತ್ವ ಕೇಂದ್ರದಿಂದ ಕೆಳಗೆಳೆದ ಲಂಬರೇಖೆ ಈ ತ್ರಿಕೋನದೊಳಗೆ ಇರುವವರೆಗೆ ನಿಂತ ಗಾಡಿ ಉರುಳದು. ತಿರುವಿನಲ್ಲಿ ಇದರ ಜೊತೆಗೆ ಕೇಂದ್ರಾಪಗಾಮಿ ಬಲ ಹೊರಮಗ್ಗುಲಿಗೆ ಎಳೆಯುತ್ತದೆ. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ದ್ವಿಚಕ್ರದ ಸವಾರ ಸೈಕಲ್ಲಿನೊಡನೆ ಒಳಕ್ಕೆ ವಾಲಿ ಇದನ್ನು ಸರಿದೂಗಿಸುತ್ತಾನೆ. ಬಿಗಿಯಾದ ಚೌಕಟ್ಟಿನ ತ್ರಿಚಕ್ರ ಹಾಗೆ ವಾಲಲಾರದು. ಅದರ ಒಳಮಗ್ಗುಲ ಗಾಲಿ ನೆಲ ಬಿಟ್ಟು ಏಳುತ್ತದೆ.

ಒಂದು ಲೆಕ್ಕವನ್ನು ನೋಡಬಹುದು. ಮುಂದೆ ಒಂದು, ಹಿಂದೆ ಎರಡು ಗಾಲಿಗಳಿದ್ದು, ಹಿಂಗಾಲಿಗಳ ಅಂತರ 80 ಸೆಂ.ಮೀ. ಇರಲಿ. ಗುರುತ್ವ ಕೇಂದ್ರ ನೆಲದಿಂದ 80 ಸೆಂ.ಮೀ. ಎತ್ತರದಲ್ಲಿ, ಮುಂಗಾಲಿಯಿಂದ ಹಿಂದಿನ ಅಚ್ಚಿಗಿರುವ ದೂರದ ಮೂರನೆಯ ಎರಡು ಭಾಗದಲ್ಲಿರಲಿ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಇದು ಗಂಟೆಗೆ ಸುಮಾರು 14.5 ಕಿ.ಮೀ. ವೇಗಕ್ಕೇ ಮಗುಚತೊಡಗುತ್ತದೆ. ಸಾಧಾರಣ ಸೈಕಲ್ ವೇಗವೇ ಇಷ್ಟು! ಗುರುತ್ವ ಕೇಂದ್ರವನ್ನು 60 ಸೆಂ.ಮೀ.ಗೆ ಇಳಿಸಿದರೆ ಮಿತಿ ಸುಮಾರು 17 ಕಿ.ಮೀ.ಗೆ ಏರುತ್ತದೆ.

ಗಾಲಿಗಳ ಜೋಡಣೆ

ಭಾರತದ ಸೈಕಲ್ ರಿಕ್ಷಾದಲ್ಲಿ ಮುಂದೆ ಒಂದೇ ಗಾಲಿ; ಆಟೋರಿಕ್ಷಾದ ವಿನ್ಯಾಸವೂ ಇದೇ. ಇಂಡೊನೇಷ್ಯಾದ ಬೆಚಕ್‌ನಲ್ಲಿ ಎರಡು ಗಾಲಿಗಳು ಮುಂದಿದ್ದು, ಪ್ರಯಾಣಿಕರು ಸವಾರನ ಎದುರಿಗೆ ಕೂರುತ್ತಾರೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುವುದರಿಂದ ಈ ವ್ಯತ್ಯಾಸ ಮುಖ್ಯ. ಮೊದಲನೆಯ ಬಗೆಯಲ್ಲಿ ಭಾರ ತ್ರಿಕೋನದ ಕಿರಿದಾದ ತುದಿಯತ್ತ ಹೋಗುತ್ತದೆ. ಆದ್ದರಿಂದ ತಿರುವಿನ ನಡುವೆ ಹಠಾತ್ತನೆ ಬ್ರೇಕ್ ಹಾಕಿದರೆ ಗಾಡಿ ಓರೆಯಾಗಿ ಮುಂದಕ್ಕೆ ಉರುಳಬಹುದು. ಎರಡನೆಯ ಬಗೆಯಲ್ಲಿ ಭಾರ ಅಗಲವಾದ ಬದಿಗೆ ಸರಿಯುತ್ತದೆ.

ತಡೆಗಟ್ಟುವಿಕೆ

ಆಸನವನ್ನು ತಗ್ಗಿಸುವುದು, ಗಾಲಿಗಳ ಅಂತರ ಹೆಚ್ಚಿಸುವುದು, ಸರಕನ್ನು ತಳದಲ್ಲಿ ಜೋಡಿಗಾಲಿಗಳ ಬಳಿ ಇಡುವುದು ಸುಲಭವಾದ ಕ್ರಮಗಳು. ತಿರುವಿಗೆ ಮೊದಲೇ ವೇಗ ತಗ್ಗಿಸಿ, ದೇಹವನ್ನು ಒಳಮಗ್ಗುಲಿಗೆ ಬಾಗಿಸಬೇಕು. ದ್ವಿಚಕ್ರ ಅಭ್ಯಾಸವಾದವರಿಗೇ ಇದು ಮೊದಮೊದಲು ಕಷ್ಟ, ಏಕೆಂದರೆ ಇಲ್ಲಿ ಸೈಕಲ್ಲು ವಾಲದೆ ಸವಾರ ಮಾತ್ರ ವಾಲಬೇಕು. ಇಳಿಜಾರು ಅಂಚಿನ ರಸ್ತೆಯಲ್ಲಿ ಎತ್ತರದ ಕಡೆಗೆ ತಿರುಗುವಾಗ ಅಪಾಯ ಹೆಚ್ಚು. ಚೌಕಟ್ಟೇ ಒಳಕ್ಕೆ ವಾಲುವ ತ್ರಿಚಕ್ರಗಳೂ ಇವೆ. ಅವುಗಳ ರಚನೆ ಜಟಿಲ, ಬೆಲೆಯೂ ಹೆಚ್ಚು.