ಬೆಸಾಲ್ಟ್ ನೆತ್ತಿಯ ತೆಳುಮಣ್ಣು: ಕಾಸ್ ಪ್ರಸ್ಥಭೂಮಿಯ ನೆಲ, ನೀರು ಮತ್ತು ಸಸ್ಯಾವರಣ

ವಿಜಯಪುರ ಸೀಮೆಯ ಡೋಣಿ ಹೊಳೆಯ ಎರೆ ಭೂಮಿಗೂ ಮಹಾರಾಷ್ಟ್ರದ ಸಾತಾರಾದಿಂದ ಪಶ್ಚಿಮಕ್ಕೆ ಸುಮಾರು 25 ಕಿ.ಮೀ. ದೂರದ ಕಾಸ್ ಪ್ರಸ್ಥಭೂಮಿಯ ಕಲ್ಲುಹಾಸಿಗೂ ಮಾತೃಶಿಲೆ ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ ಇಂದು ದಖನ್ ಬೆಸಾಲ್ಟ್ ಆಗಿ 5 ಲಕ್ಷ ಚದರ ಕಿ.ಮೀ.ನಷ್ಟು ನೆಲವನ್ನು ಮುಚ್ಚಿದೆ. ಅದರ ದಕ್ಷಿಣದ ಅಂಚು ಬೆಳಗಾವಿ, ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಇಳಿಯುತ್ತದೆ; ಈ ಲಾವಾ ಸರಣಿಯ ಮೇಲಿನ ಘಟಕಗಳಲ್ಲೊಂದಕ್ಕೆ ಭೂವಿಜ್ಞಾನಿಗಳು ಬೆಳಗಾವಿ ಸಮೀಪದ ದೇಸೂರಿನ ಹೆಸರನ್ನೇ ಇಟ್ಟಿದ್ದಾರೆ. ಡೋಣಿ ಬಯಲಿನಲ್ಲಿ ಈ ಶಿಲೆ ಆಳೆತ್ತರದ ಕರಿಮಣ್ಣಾಯಿತು. ಕಾಸ್‌ನಲ್ಲಿ ಎಷ್ಟೋ ಕಡೆ ಬೆರಳ ಗೆಣ್ಣು ಮುಳುಗುವಷ್ಟೂ ಮಣ್ಣಿಲ್ಲ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮಳೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ ಬೀಳುವ ಬಯಲಿನಲ್ಲಿ ಬೆಸಾಲ್ಟ್ ಸವೆದಾಗ ಸುಣ್ಣ, ಮೆಗ್ನೀಸಿಯಂ, ಸಿಲಿಕಾ ಬಹುಪಾಲು ಅಲ್ಲಿಯೇ ಉಳಿದು, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಜೇಡಿಯಾಗುತ್ತವೆ. ಸಮುದ್ರಮಟ್ಟದಿಂದ ಸುಮಾರು 1200 ಮೀ. ಎತ್ತರದಲ್ಲಿರುವ ಕಾಸ್‌ನಲ್ಲಿ ನಾಲ್ಕೇ ತಿಂಗಳಲ್ಲಿ 2000 ಮಿ.ಮೀ.ಗೂ ಮೀರಿ ಮಳೆ ಸುರಿದು, ಆಮೇಲೆ ಎಂಟು ತಿಂಗಳು ನೆಲ ಒಣಗುತ್ತದೆ. ತೋಯುವ, ಒಣಗುವ ಈ ಸರದಿ ಲಕ್ಷಾಂತರ ವರ್ಷ ನಡೆದಾಗ ಕರಗುವುದೆಲ್ಲ ಕರಗಿ ಹೋಗಿ ಕಬ್ಬಿಣ, ಅಲ್ಯುಮಿನಿಯಂಗಳ ಆಕ್ಸೈಡ್ ಉಳಿಯುತ್ತದೆ. ಅದೇ ಜಂಬಿಟ್ಟಿಗೆ. ಪಂಚಗಣಿ, ಮಹಾಬಳೇಶ್ವರ, ಪನ್ಹಾಳಗಳ ನೆತ್ತಿಯ ಮೇಲಿರುವುದೂ ಇದೇ ಟೊಪ್ಪಿಗೆ.

ತೆಳುಮಣ್ಣೆಂದರೆ ಎಳೆಯ ಮಣ್ಣು, ಕಾಲ ಕೂಡಿಬಂದರೆ ಆಳವಾಗುತ್ತದೆ ಎಂಬುದು ಪಠ್ಯಪುಸ್ತಕದ ರೂಢಿ. ಹವಾಯಿಯ ಹೊಸ ಲಾವಾ ಇಳಿಜಾರುಗಳಿಗೆ ಆ ಮಾತು ಒಪ್ಪುತ್ತದೆ. ಕಾಸ್‌ಗೆ ಒಪ್ಪುವುದಿಲ್ಲ. ಇಲ್ಲಿನ ಕಲ್ಲುಹಾಸು ಸವೆಯಬೇಕಾದುದೆಲ್ಲ ಸವೆದ ಮೇಲೆ ಗಟ್ಟಿಯಾಗಿ ಉಳಿದ ಶೇಷ. ಹೊಸ ಮಣ್ಣು ಕೊಡಲು ಅದರಲ್ಲಿ ಹೆಚ್ಚೇನೂ ಬಾಕಿಯಿಲ್ಲ. ಕೊಟ್ಟಷ್ಟನ್ನೂ ಜುಲೈ ತಿಂಗಳ ಮಳೆ ಗುಡಿಸಿಕೊಂಡು ಹೋಗುತ್ತದೆ. ಅಂತರರಾಷ್ಟ್ರೀಯ ಮಣ್ಣು ವರ್ಗೀಕರಣದಲ್ಲಿ 25 ಸೆಂ.ಮೀ. ಒಳಗೇ ಅಖಂಡ ಬಂಡೆ ಸಿಕ್ಕರೆ ಅದು ಲೆಪ್ಟೊಸಾಲ್. ಈ ಗೆರೆ ನಕ್ಷೆ ಬರೆಯುವವರಿಗೆ ಸಾಕು, ಸಸ್ಯಶಾಸ್ತ್ರಕ್ಕೆ ಸಾಲದು. ಕಾಸ್‌ನಲ್ಲಿ ನಡೆಯುವುದೆಲ್ಲ ಆ 25 ಸೆಂ.ಮೀ. ಒಳಗಡೆಯೇ, ಅಲ್ಲಿ ಆಳಕ್ಕಿಂತ ಹೆಚ್ಚು ನಿರ್ಣಾಯಕವಾದುದು ಮಣ್ಣು ಎಷ್ಟು ದಿನ ಹಸಿಯಾಗಿರುತ್ತದೆ ಎಂಬುದು ಎಂದು ಈ ಲೇಖನ ವಾದಿಸುತ್ತದೆ.

ಒಂದು ಸರಳ ಲೆಕ್ಕ ಹಾಕಬಹುದು. 5 ಸೆಂ.ಮೀ. ದಪ್ಪದ ಮಣ್ಣು ತನ್ನ ಗಾತ್ರದ ಐದನೇ ಒಂದು ಪಾಲು ನೀರನ್ನು ಗಿಡಕ್ಕಾಗಿ ಹಿಡಿದಿಟ್ಟಿತು ಎಂದುಕೊಳ್ಳೋಣ. ಆಗ ದಾಸ್ತಾನು 10 ಮಿ.ಮೀ. ಮಳೆ ಬಿಟ್ಟ ಬಿಸಿಲಿಗೆ ದಿನಕ್ಕೆ 4 ಮಿ.ಮೀ. ಆವಿಯಾದರೂ ಮೂರನೆಯ ದಿನ ಮಣ್ಣು ಬರಿದು. ಹೊರಗೆ ಮಳೆಗಾಲವಾದರೂ ಬೇರಿಗೆ ಬರಗಾಲ. ಆದ್ದರಿಂದ ಮಣ್ಣಿನಲ್ಲಿ ಎರಡು ಸೆಂ.ಮೀ. ಹೆಚ್ಚುಕಡಿಮೆಯಾದರೆ, ಇಲ್ಲವೆ ಪಕ್ಕದ ಬಿರುಕಿನಿಂದ ನೀರು ಜಿನುಗುತ್ತಿದ್ದರೆ, ಗಿಡಗಳ ಬಳಗವೇ ಬದಲಾಗುತ್ತದೆ.

ಸೆಪ್ಟೆಂಬರಿನಲ್ಲಿ ಒಂದೇ ಮಾರಿನ ಅಗಲದಲ್ಲಿ ಇದನ್ನು ಓದಬಹುದು. ಮಣ್ಣೇ ಇಲ್ಲದ ಕಲ್ಲಿನ ಮೇಲೆ ನೀಲಿಹಸಿರು ಪಾಚಿಯ ಕಪ್ಪು ಪೊರೆ, ಕಲ್ಲುಹೂವು. ಅದರ ಅಂಚಿನ ಗರಸಿನಲ್ಲಿ ಟ್ರೈಪೋಗಾನ್‌ನಂಥ ಕುಳ್ಳ ಹುಲ್ಲು. ಪೂರ್ತಿ ಒಣಗಿ ಸುರುಟಿಕೊಂಡರೂ ಮಳೆ ಬಿದ್ದರೆ ಮತ್ತೆ ಹಸಿರಾಗುವ ಜಾತಿ ಇದು. ನೀರು ತೆಳುವಾಗಿ ಹರಿಯುವ ಕಡೆ ಮರಾಠಿಗರು ‘ಗೇಂದ್’ ಎನ್ನುವ ಎರಿಯೊಕಾಲಾನ್‌ನ ಬಿಳಿ ಗುಂಡುಗಳು, ಅವುಗಳ ನಡುವೆ ‘ಸೀತೇಚಿ ಆಸವ’ ಎಂಬ ನೇರಳೆ ಯುಟ್ರಿಕುಲೇರಿಯ. ನೀರು ನಿಲ್ಲುವ ತಗ್ಗಿನಲ್ಲಿ ಸಾತಾರಾದ ಹೆಸರನ್ನೇ ಹೊತ್ತ ಅಪೊನೊಜೆಟಾನ್ ಸತಾರೆನ್ಸಿಸ್. ಕೊಳ ಬತ್ತಿದ ಮೇಲೆ ಅದರ ಗೆಡ್ಡೆ ಮಾತ್ರ ಒಳಗುಳಿಯುತ್ತದೆ. ಗೇಣು ಮಣ್ಣು ಕೂಡಿದ ಕಡೆ ಏಳು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಡುವ ಟೋಪಲಿ ಕಾರವಿ, ನೀಲಕುರಿಂಜಿಯ ಬಳಗದ್ದು. ಪ್ರಸ್ಥಭೂಮಿ ಮುಗಿದು ಮಣ್ಣು ಜಾರಿ ಶೇಖರವಾಗುವ ಇಳಿಜಾರಿನಲ್ಲಿ ಕಾಡು ಶುರುವಾಗುತ್ತದೆ.

ಪೋಷಕಾಂಶದ ಕಥೆಯೂ ಹೀಗೆಯೇ ಬಿಗಿ. ರಂಜಕವಿದ್ದರೂ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳು ಅದನ್ನು ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಸಾರಜನಕವಂತೂ ಮಳೆನೀರಿನ ಜೊತೆ ಹೊರಟುಹೋಗುತ್ತದೆ. ಡ್ರೋಸೆರಾ ಅಂಟುಹನಿಗಳಲ್ಲಿ, ಯುಟ್ರಿಕುಲೇರಿಯ ನೀರಿನೊಳಗಿನ ಪುಟ್ಟ ಚೀಲಗಳಲ್ಲಿ ಜೀವಿಗಳನ್ನು ಹಿಡಿದು ಆ ಕೊರತೆ ತುಂಬಿಕೊಳ್ಳುತ್ತವೆ. ಸ್ಮಿಥಿಯಾದಂಥ ದ್ವಿದಳ ಸಸ್ಯಗಳು ಬೇರುಗಂಟುಗಳ ಬ್ಯಾಕ್ಟೀರಿಯಾ ನಂಬಿ ಬದುಕುತ್ತವೆ. ಇಂಥ ನೆಲಕ್ಕೆ ಗೊಬ್ಬರ ಬಿದ್ದರೆ ಲಾಭ ಈ ಗಿಡಗಳಿಗಲ್ಲ, ಅವುಗಳನ್ನು ನೆರಳಿಗೆ ತಳ್ಳುವ ಎತ್ತರದ ಹುಲ್ಲಿಗೆ.

ಇಲ್ಲೊಂದು ಎಚ್ಚರಿಕೆ ಬೇಕು. ಕುದುರೆಮುಖದ ಶೋಲಾ ಹುಲ್ಲುಗಾವಲನ್ನೂ ಕಾಸನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮಲ್ಲಿ ಸಾಮಾನ್ಯ. ಕುದುರೆಮುಖ ನಿಂತಿರುವುದು ದಖನ್ ಲಾವಾದ ಮೇಲಲ್ಲ, ಬಹು ಹಳೆಯ ರೂಪಾಂತರ ಶಿಲೆಗಳ ಮೇಲೆ. ಅಲ್ಲಿ ಮಣ್ಣು ಸಾಕಷ್ಟಿರುವ ಕಡೆಯೂ ಮರವಿಲ್ಲ, ಆದ್ದರಿಂದ ಗಾಳಿ, ಬೆಂಕಿ, ಮೇವುಗಳ ಚರ್ಚೆ ಅನಿವಾರ್ಯ. ಕಾಸ್‌ನಲ್ಲಿ ಮರಕ್ಕೆ ಮೊದಲ ತಡೆ ನೆಲವೇ. ಮೇವಿನ ಪಾತ್ರ ಆಮೇಲಿನದು, ಆದರೆ ಇಲ್ಲವೆನ್ನುವಂತಿಲ್ಲ: ದನಗಳನ್ನು ಬೇಲಿ ಹಾಕಿ ತಡೆದದ್ದು ಹೂಗಳಿಗೆ ಒಳಿತೋ ಕೆಡುಕೋ ಎಂಬ ವಾದ ಅಲ್ಲಿ ಬಹುಕಾಲ ನಡೆದಿದೆ. ಮಣ್ಣು ತುಸು ದಪ್ಪವಿರುವ ಕಡೆ ಮೇವು ನಿಂತರೆ ಒರಟು ಹುಲ್ಲು ಮೇಲುಗೈ ಪಡೆಯುತ್ತದೆ ಎಂಬವರ ವಾದವೇ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿದಾಗ ಕಾಸ್ ಅವುಗಳಲ್ಲೊಂದಾಯಿತು. ಅದೇ ಬಗೆಯ ನೆಲ ಬೇರೆಡೆ ಇದ್ದರೆ ದೇಶದ ಪಾಳುಭೂಮಿ ನಕ್ಷೆಗಳಲ್ಲಿ ಬಂಡೆಗಲ್ಲಿನ ಬಂಜರಾಗಿ ದಾಖಲಾಗುವ ಸಂಭವವೇ ಹೆಚ್ಚು. ಬಂಜರೆಂದು ಬರೆದ ಮೇಲೆ ಅದನ್ನು ‘ಉಪಯೋಗಕ್ಕೆ ತರುವ’ ಯೋಜನೆ ಹಿಂದೆಯೇ ಬರುತ್ತದೆ. ಸಾತಾರಾ ಬಳಿಯದೇ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಸಾಲುಸಾಲು ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಹಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರಗಳಿಲ್ಲದ ಜಾಗಕ್ಕೆ ಹೋಲಿಸಿದರೆ ಯಂತ್ರಗಳಿದ್ದ ಕಡೆ ಬೇಟೆಹಕ್ಕಿಗಳು ಸುಮಾರು ಕಾಲುಭಾಗ ಮಾತ್ರ. ಅವುಗಳ ಅಂಜಿಕೆ ತಗ್ಗಿ ಬೀಸಣಿಗೆ ಗಂಟಲಿನ ಹಲ್ಲಿಗಳು ಹೆಚ್ಚಿದ್ದವು, ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ. ಆ ಅಧ್ಯಯನದ ವಿಷಯ ಪ್ರಾಣಿಗಳು. ಯಂತ್ರಗಳಿಗಾಗಿ ಕಡಿದ ರಸ್ತೆ ಕಲ್ಲುಹಾಸಿನ ಮೇಲಿನ ತೆಳುಹರಿವನ್ನು ಎಲ್ಲೆಲ್ಲಿ ತಿರುಗಿಸುತ್ತದೆ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕು. ಮೇಲಿನ ಲೆಕ್ಕದಂತೆ, ಎರಡು ದಿನದ ಹಸಿ ತಪ್ಪಿದರೂ ಒಂದು ಸಸ್ಯಸಮೂಹ ಜಾಗ ಬಿಡಬೇಕಾಗಬಹುದು.

ಕೊಲ್ಹಾಪುರದ ಪ್ರಸ್ಥಭೂಮಿಗಳಲ್ಲಿ ಇದೇ ಜಂಬಿಟ್ಟಿಗೆಯ ಅಲ್ಯುಮಿನಿಯಂ ಹೆಚ್ಚಿರುವ ಭಾಗ ಬಾಕ್ಸೈಟ್ ಆಗಿ ಗಣಿಗೆ ಹೋಗುತ್ತದೆ. ಗಣಿ ಮುಗಿದ ಮೇಲೆ ಗುಂಡಿಗೆ ಮಣ್ಣು ತುಂಬಿ ಸಸಿ ನೆಡುವುದನ್ನು ಪುನಶ್ಚೇತನವೆಂದು ದಾಖಲಿಸುವ ಪದ್ಧತಿಯಿದೆ. ಕಲ್ಲುಹಾಸನ್ನು ಮರಳಿ ಹಾಸಲಾಗುವುದಿಲ್ಲ. ಆಳವಾದ ಸಡಿಲ ಮಣ್ಣಿನಲ್ಲಿ ಮರ ಚೆನ್ನಾಗಿಯೇ ಬರುತ್ತದೆ, ಗೇಂದ್ ಬರುವುದಿಲ್ಲ. ಅಂಥ ಜಾಗದ ಪುನಶ್ಚೇತನವನ್ನು ಬದುಕಿದ ಸಸಿಗಳ ಶೇಕಡಾವಾರಿನಿಂದ ಅಳೆಯುವ ಬದಲು, ಗಣಿ ತೋಡುವ ಮೊದಲೇ ಅಲ್ಲಿನ ಹಸಿ ದಿನಗಳನ್ನೂ ನೀರಿನ ದಾರಿಗಳನ್ನೂ ದಾಖಲಿಸಿಕೊಂಡು ಅದರೊಡನೆ ಹೋಲಿಸಬೇಕಾಗುತ್ತದೆ.