ತಲೆಬರಹದಲ್ಲಿ ಕೆಡುವ ಕನ್ನಡ

ಮೂಡಿಗೆರೆಯಲ್ಲಿ ನೆಲೆಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿ (1938-2007) ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ್ದರು. ಅದರ ಅಗತ್ಯ ಅರಿಯಲು ಇ-ಮೇಲ್‌ನ ಶೀರ್ಷಿಕೆ ಸಾಲು ನೋಡಿದರೆ ಸಾಕು. ಒಳಗಿನ ಪತ್ರ ಸರಿಯಿದ್ದರೂ ಈ ಸಾಲು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೆಡುವುದುಂಟು.

ಕಾರಣ ಹಳೆಯದು. 1982ರ ಇ-ಮೇಲ್ ನಿಯಮ ಇಂಗ್ಲಿಷಿಗೆ ಹೊಂದುವ ಆಸ್ಕಿಯ 128 ಸಂಕೇತಗಳನ್ನಷ್ಟೇ ಒಪ್ಪಿತ್ತು. 1990ರ ದಶಕದ ಕನ್ನಡ ಫಾಂಟುಗಳು ರೋಮನ್ ಲಿಪಿಯ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದವು. ಆದರೆ ಶೀರ್ಷಿಕೆ ಸಾಲಿಗೆ ಫಾಂಟ್ ಆಯ್ಕೆಯೇ ಇಲ್ಲ. ಅಲ್ಲಿ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳು.

1991ರಲ್ಲಿ ಯೂನಿಕೋಡ್ ಕನ್ನಡದ ಅಕ್ಷರಗಳಿಗೂ ಕಾಗುಣಿತದ ಚಿಹ್ನೆಗಳಿಗೂ ಸ್ವಂತ ಸಂಖ್ಯೆ ಕೊಟ್ಟಿತು. 1992ರ ನಿಯಮವೊಂದು ಬೇರೆ ಲಿಪಿಗಳು ಆಸ್ಕಿಯ ವೇಷದಲ್ಲಿ ಸಾಗಲು ದಾರಿ ಮಾಡಿತು. ಉದಾಹರಣೆಗೆ, 'ಕಾಫಿ' ಎಂಬ ಪದ ಯುಟಿಎಫ್-8ರಲ್ಲಿ 12 ಬೈಟ್. ಅದು 16 ಆಸ್ಕಿ ಚಿಹ್ನೆಗಳಾಗಿ, ಮೂಲ ಸಂಕೇತವನ್ನು ತಿಳಿಸುವ ಚೀಟಿಯೊಡನೆ ಹೊರಡುತ್ತದೆ. ಚೀಟಿ ತಪ್ಪಿದರೆ, ಇಲ್ಲವೆ ಉದ್ದದ ಸಾಲು ಅಕ್ಷರದ ನಡುವೆಯೇ ತುಂಡಾದರೆ ಕನ್ನಡ ಕೆಡುತ್ತದೆ.

ಪರಿಹಾರವೆಂದರೆ, ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸಿ, ಚೀಟಿಯನ್ನು ಸರಿಯಾಗಿ ಹಚ್ಚುವ ತಂತ್ರಾಂಶ ಬಳಸುವುದು. 2012ರ ನಿಯಮದಂತೆ ದಾರಿಯ ಯಂತ್ರಗಳೆಲ್ಲ ಒಪ್ಪಿದರೆ ವೇಷವೂ ಬೇಡ. ಇಲ್ಲವಾದರೆ, ಕಳಸದ ಬೆಳೆಗಾರನ ಅಹವಾಲು ಯಾರೂ ತೆರೆಯದೆಯೇ ಕಸದ ಬುಟ್ಟಿ ಸೇರೀತು.