ಮುಖ, ಭೂಮಿ, ಅವಲಂಬಕ: ಮಹಾವೀರಾಚಾರ್ಯರ ಕ್ಷೇತ್ರಗಣಿತದ ಒಂದು ಸೂತ್ರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆ (ಕ್ರಿ.ಶ. 814–878) ಕನ್ನಡಿಗರಿಗೆ 'ಕವಿರಾಜಮಾರ್ಗ'ದಿಂದ ಪರಿಚಿತ. ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ದಿಗಂಬರ ಜೈನಾಚಾರ್ಯರಾದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ಒಂಬತ್ತು ಅಧಿಕಾರಗಳ ಈ ಗ್ರಂಥ ಜಿನಸ್ತುತಿಯಿಂದ ಮೊದಲಾಗಿ ನೃಪತುಂಗನ ಪ್ರಶಂಸೆಗೆ ಸಾಗುತ್ತದೆ. ವೈದ್ಯ, ವಾಸ್ತು, ನಾಟ್ಯ, ಪಾಕಶಾಸ್ತ್ರಗಳಿಗೂ ಗಣಿತವೇ ಆಶ್ರಯವೆಂದು ಹೇಳುತ್ತದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಆಂಗ್ಲಾನುವಾದದೊಡನೆ ಪ್ರಕಟಿಸಿದ ಮೇಲೆ ಲೋಕದ ಗಣಿತಜ್ಞರ ಗಮನ ಇದರತ್ತ ಹರಿಯಿತು.

ಕ್ಷೇತ್ರಗಣಿತದ ಭಾಗದಲ್ಲಿ ಆಚಾರ್ಯರು ಚತುರಸ್ರಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ: ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ. ಇಂದು ಶಾಲೆಯಲ್ಲಿ ತ್ರಾಪಿಜ್ಯವೆಂದು ಕಲಿಸುವ ಆಕೃತಿಯ ಮುಖ್ಯ ರೂಪಗಳು ದ್ವಿಸಮ, ತ್ರಿಸಮಗಳಲ್ಲಿ ಬರುತ್ತವೆ. ಮೇಲಿನ ಕಿರಿಯ ಬಾಹು 'ಮುಖ', ಕೆಳಗಿನ ಹಿರಿಯ ಬಾಹು 'ಭೂಮಿ', ಅವೆರಡರ ನಡುವಣ ಲಂಬ 'ಅವಲಂಬಕ'. ಹೆಸರುಗಳಲ್ಲೇ ಒಂದು ಚಿತ್ರವಿದೆ: ನೆಲದ ಮೇಲೆ ಅಗಲವಾಗಿ ಕುಳಿತು, ಮೇಲೆ ಕಿರಿದಾದ ಮುಖವನ್ನೆತ್ತಿದ ಆಕೃತಿ.

ಕ್ಷೇತ್ರಫಲಕ್ಕೆ ಅವರು ಎರಡು ಮಾರ್ಗಗಳನ್ನು ತೋರಿಸುತ್ತಾರೆ. ಒಂದು ವ್ಯಾವಹಾರಿಕ: ಎದುರುಬದುರಿನ ಬಾಹುಗಳನ್ನು ಕೂಡಿಸಿ ಅರ್ಧಿಸಿ, ಆ ಎರಡು ಅರ್ಧಗಳನ್ನು ಗುಣಿಸುವುದು. ಇನ್ನೊಂದು ಸೂಕ್ಷ್ಮ: ಮುಖಭೂಮಿಗಳ ಮೊತ್ತದ ಅರ್ಧವನ್ನು ಅವಲಂಬಕದಿಂದ ಗುಣಿಸುವುದು. ನಾಲ್ಕು ಬಾಹುಗಳಿಂದಲೇ ಸೂಕ್ಷ್ಮಫಲ ಪಡೆಯುವ ಬ್ರಹ್ಮಗುಪ್ತನ ವರ್ಗಮೂಲದ ಸೂತ್ರವೂ ಅದರ ಜೊತೆಯಲ್ಲಿದೆ.

ಇವುಗಳ ಅಂತರವನ್ನು ಒಂದು ಲೆಕ್ಕದಿಂದ ಅರಿಯಬಹುದು. ಮುಖ 6 ಕೋಲು, ಭೂಮಿ 16 ಕೋಲು, ಓರೆಯಾದ ಎರಡು ಬಾಹುಗಳು 13 ಕೋಲು ಇರುವ ಹೊಲವನ್ನು ಊಹಿಸೋಣ. ವ್ಯಾವಹಾರಿಕ ಫಲ 11 × 13, ಅಂದರೆ 143 ಚದರ ಕೋಲು. ಮುಖಕ್ಕಿಂತ ಭೂಮಿ 10 ಕೋಲು ಹೆಚ್ಚು. ಆ ಹೆಚ್ಚಳ ಎರಡು ಬದಿಗೆ ಐದೈದಾಗಿ ಹಂಚಿಹೋಗುತ್ತದೆ. 5 ಭುಜ, 13 ಕರ್ಣವಾದ ಲಂಬಕೋನ ತ್ರಿಭುಜದ ಎತ್ತರ 12. ಆದ್ದರಿಂದ ಸೂಕ್ಷ್ಮಫಲ 11 × 12, ಅಂದರೆ 132. ಹನ್ನೆರಡು ಪಾಲು ನೆಲ ಕಾಗದದ ಮೇಲೆ ಹದಿಮೂರು ಪಾಲಾಯಿತು. ಕಂದಾಯ ಕಟ್ಟುವವನಿಗೆ ಇದು ಇಲ್ಲದ ನೆಲದ ಮೇಲಿನ ತೆರಿಗೆ; ಬಸದಿಗೆ ದತ್ತಿಯಾಗಿ ಬಂದ ಭೂಮಿಯಾದರೆ, ಶಾಸನದಲ್ಲಿದ್ದು ನೆಲದಲ್ಲಿಲ್ಲದ ಪಾಲು. ತಪ್ಪಿನ ಮೂಲ ಒಂದೇ: ಲಂಬವಿರಬೇಕಾದ ಸ್ಥಾನದಲ್ಲಿ ಓರೆಯ ಬಾಹು ಕುಳಿತಿದೆ. ಬಾಹು ವಾಲಿದಷ್ಟೂ ಕ್ಷೇತ್ರ ಕುಗ್ಗುತ್ತದೆ. ವ್ಯಾವಹಾರಿಕ ಸೂತ್ರ ಆ ವಾಲಿಕೆಯನ್ನು ಕಾಣಲಾರದು.

ಸೂಕ್ಷ್ಮ ಸೂತ್ರ ಏಕೆ ಸರಿ? ಸೂತ್ರ ನಿಯಮವನ್ನು ಹೇಳುತ್ತದೆ, ಉಪಪತ್ತಿಯನ್ನು ಓದುಗನೇ ಕಂಡುಕೊಳ್ಳಬೇಕು. ಮುಖದ ಒಂದು ತುದಿಯಿಂದ ಲಂಬವೆಳೆದು, ಬದಿಯ ತ್ರಿಭುಜವನ್ನು ಕತ್ತರಿಸಿ, ತಿರುವಿ ಇನ್ನೊಂದು ಬದಿಗೆ ಜೋಡಿಸಿದರೆ 11 ಅಗಲ, 12 ಎತ್ತರದ ಆಯತವಾಗುತ್ತದೆ. ಭೂಮಿ 5 ಕಳೆದುಕೊಂಡಿತು, ಮುಖ 5 ಪಡೆಯಿತು, ಎರಡೂ ಸಮವಾದವು. ಕೂಡಿಸಿ ಅರ್ಧಿಸುವುದೆಂದರೆ ಈ ಕೊಡುಕೊಳೆಯೇ. ಎರಡು ಬದಿಗಳು ಅಸಮವಾಗಿದ್ದರೆ ಕರ್ಣವನ್ನೆಳೆದು ನೋಡಬೇಕು. ಆಗ ಎರಡು ತ್ರಿಭುಜಗಳಾಗುತ್ತವೆ. ಒಂದಕ್ಕೆ ಭೂಮಿ ಪಾದ, ಇನ್ನೊಂದಕ್ಕೆ ಮುಖ ಪಾದ, ಎರಡಕ್ಕೂ ಎತ್ತರ ಒಂದೇ ಅವಲಂಬಕ. ಅರ್ಧಭೂಮಿ, ಅರ್ಧಮುಖಗಳನ್ನು ಅದೇ ಲಂಬದಿಂದ ಗುಣಿಸಿ ಕೂಡಿಸಿದರೆ ಸೂತ್ರ ಸಿದ್ಧ.

ಎತ್ತರ ಒಂದೇ ಎಂಬ ಮಾತೇ ಇಲ್ಲಿನ ಜೀವಾಳ. ಮುಖಭೂಮಿಗಳು ಸಮಾಂತರವಾಗಿದ್ದರೆ ಮಾತ್ರ ಅದು ನಿಲ್ಲುತ್ತದೆ. ವಿಷಮ ಚತುರಸ್ರಕ್ಕೆ ಅವಲಂಬಕದ ಈ ನಿಯಮ ಸಲ್ಲದೆಂದು ಮಹಾವೀರಾಚಾರ್ಯರು ಸ್ಪಷ್ಟವಾಗಿ ಹೊರತುಪಡಿಸುತ್ತಾರೆ. ಸೂತ್ರದ ಎಲ್ಲೆಯನ್ನು ಗುರುತಿಸಬಲ್ಲವನು ಅದರ ಕಾರಣವನ್ನೂ ಬಲ್ಲವನೇ.

ಜೈನ ಪರಂಪರೆಯಲ್ಲಿ ಈ ಸೂತ್ರಕ್ಕೆ ಹೊಲಕ್ಕಿಂತ ದೊಡ್ಡ ಕ್ಷೇತ್ರವೊಂದಿತ್ತು: ಲೋಕಾಕಾಶ. ಅಧೋಲೋಕದ ಭೂಮಿ 7 ರಜ್ಜು, ಮುಖ 1, ಎತ್ತರ 7, ಫಲ 28. ಊರ್ಧ್ವಲೋಕ 1ರಿಂದ 5ಕ್ಕೆ ಹಿಗ್ಗಿ ಮತ್ತೆ 1ಕ್ಕೆ ಕುಗ್ಗುತ್ತದೆ. ಮೂರೂವರೆ ರಜ್ಜು ಎತ್ತರದ ಎರಡು ಖಂಡಗಳ ಫಲ 21. ಒಟ್ಟು 49ನ್ನು 7 ರಜ್ಜು ದಪ್ಪದಿಂದ ಗುಣಿಸಿದರೆ 343 ಘನರಜ್ಜು, ಅಂದರೆ ಏಳರ ಘನ. ಲೋಕ ಮೃದಂಗದಂತೆ ದುಂಡಗಿದೆಯೆಂಬ ಪಕ್ಷವನ್ನು ವೀರಸೇನಾಚಾರ್ಯರು 'ಧವಲಾ' ಟೀಕೆಯಲ್ಲಿ ಗಣಿತದಿಂದಲೇ ನಿರಾಕರಿಸುತ್ತಾರೆ. ದುಂಡನೆಯ ಆಕೃತಿಯ ನಡುವಣ ಕಂಬದಂಥ ಭಾಗವನ್ನು ತೆಗೆದು, ಉಳಿದುದನ್ನು ಸೀಳಿ ಹರಡಿ, ತುಂಡುಗಳನ್ನು ಮತ್ತೆ ಮತ್ತೆ ಖಂಡಿಸುತ್ತ ಹೋಗಿ, ಘನಫಲ 164ರ ಆಸುಪಾಸಿನಲ್ಲೇ ನಿಲ್ಲುತ್ತದೆಂದು ತೋರಿಸುತ್ತಾರೆ. ಇಲ್ಲಿ ಉಪಪತ್ತಿ ಮರೆಯಲ್ಲಿಲ್ಲ. ಕತ್ತರಿಸಿ ಜೋಡಿಸುವ ಕ್ರಮವೇ ವಾದದ ಆಯುಧವಾಗಿದೆ. ಆ ಮಹಾಗ್ರಂಥವನ್ನು ಹಳೆಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿಸಿಕೊಟ್ಟದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿ.

ಈ ವಿದ್ಯೆ ಸಂಸ್ಕೃತ, ಪ್ರಾಕೃತಗಳಲ್ಲೇ ನಿಲ್ಲಲಿಲ್ಲ. 12ನೆಯ ಶತಮಾನದ ಜೈನಕವಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳಿಂದ ಗಣಿತಕ್ಕೆ ಕನ್ನಡದ ನುಡಿಯನ್ನು ಕೊಟ್ಟನು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯೂ ಇದೇ ಸೂತ್ರವನ್ನು ನೆಚ್ಚಿತು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಗ್ರಾಮದಲ್ಲಿ ಹೊಲಗಳು ಪುಸ್ತಕದ ಆಯತಗಳಂತಿರುವುದಿಲ್ಲ. ಬದು ಡೊಂಕು, ಮೂಲೆ ಓರೆ. ಹೊಲದುದ್ದಕ್ಕೆ 33 ಅಡಿಯ ಸರಪಳಿಯನ್ನೆಳೆದು, ಅದರಿಂದ ಪ್ರತಿ ಮೂಲೆಯ ಬಾಂದುಕಲ್ಲಿಗೆ ಲಂಬದ ಅಳತೆ ಹಿಡಿದರೆ ಯಾವ ವಿಷಮ ಹೊಲವೂ ತ್ರಿಭುಜ, ತ್ರಾಪಿಜ್ಯಗಳಾಗಿ ಒಡೆಯುತ್ತದೆ. ಒಂದೇ ಸರಪಳಿಗೆ ಲಂಬವಾದ ಎರಡು ಗೆರೆಗಳು ತಮ್ಮೊಳಗೆ ಸಮಾಂತರ. ಅವೇ ಮುಖಭೂಮಿಗಳು, ನಡುವಣ ಸರಪಳಿಯ ಉದ್ದವೇ ಅವಲಂಬಕ. ಒಂದು ಸರಪಳಿಯ ಚದರ ಒಂದು ಗುಂಟೆ, 1089 ಚದರ ಅಡಿ. ನಲವತ್ತು ಗುಂಟೆ ಒಂದು ಎಕರೆ. ವಿಷಮ ಚತುರಸ್ರಕ್ಕೆ ನೇರವಾಗಿ ಸಲ್ಲದ ನಿಯಮ, ಅದನ್ನು ಸಲ್ಲುವ ತುಂಡುಗಳಾಗಿ ಒಡೆದಾಗ ಸಲ್ಲುತ್ತದೆ. ಮಹಾವೀರಾಚಾರ್ಯರು ಹಾಕಿದ ಎಲ್ಲೆಯನ್ನು ಮೀರದೆಯೇ ಮೋಜಣಿದಾರನು ಇಡೀ ಗ್ರಾಮವನ್ನು ಅಳೆದು ಮುಗಿಸುತ್ತಾನೆ.